ವೇಷಕ್ಕೊಂದು ಬಾಯಿ: ಹುಮನಾಬಾದಿನ ಪುರವಂತರ ಒಡಪು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ವೀರಗಾಸೆ ಬೇರೆ, ಪುರವಂತಿಕೆ ಬೇರೆ. ಎರಡೂ ವೀರಭದ್ರನ ಕುಣಿತವೇ, ಎರಡರ ಕಥೆಯೂ ದಕ್ಷಯಜ್ಞದ್ದೇ. ಆದರೆ ಕಾಲೇಜು ಹಬ್ಬ ಬಂತು ಅಂದ ಕೂಡಲೇ ನಾವು ಬಾಡಿಗೆಗೆ ತರುವ ಆ ಬಿಳಿ ಜಟೆಯ ವೇಷ ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರು ಕಡೆಯ ವೀರಗಾಸೆಯದು. ನಮ್ಮ ಬೀದರ್, ಕಲಬುರಗಿಯಿಂದ ಹಿಡಿದು ಆ ಕಡೆ ವಿಜಯಪುರ, ಧಾರವಾಡದ ತನಕ ಇರುವುದು ಪುರವಂತಿಕೆ. ಕುಣಿಯುವವರಿಗೆ ಪುರವಂತರು ಅಂತ ಹೆಸರು.

ಪುರವಂತರನ್ನು ನೋಡದವರು ಈ ಕಡೆ ಕಡಿಮೆ. ಕಾವಿ ಅಥವಾ ಕೆಂಪು ಬಟ್ಟೆ, ಬಿಗಿದು ಉಟ್ಟ ಕಚ್ಚೆ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎದೆಗೆ ವೀರಭದ್ರನ ಮೂರ್ತಿ ಇರುವ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ವೇಷ ಕಟ್ಟಿದ ಮೇಲೆ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯೋದಿಲ್ಲ. ನಿನ್ನೆ ಸಂತೆಯಲ್ಲಿ ತೊಗರಿ ರೇಟು ಕೇಳ್ತಿದ್ದ ಕಾಕಾನೇ ಆಗಿರಲಿ, ಇವತ್ತು ದೊಡ್ಡವರೂ ಅವನ ಕಾಲಿಗೆ ಬೀಳ್ತಾರೆ. ಕುಣಿತ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಅವನು ಮತ್ತೆ ಕಾಕಾ.

ಇವರನ್ನು ಒಟ್ಟಿಗೆ ನೋಡಬೇಕು ಅಂದ್ರೆ ಜನವರಿಯಲ್ಲಿ ಹುಮನಾಬಾದಿಗೆ ಬರಬೇಕು. ಊರ ವೀರಭದ್ರೇಶ್ವರ ಗುಡಿಯನ್ನು 1725ರಲ್ಲಿ ರಾಜಾ ರಾಮಚಂದ್ರ ಜಾಧವ ಕಟ್ಟಿಸಿದ ಅಂತ ಹೇಳ್ತಾರೆ. ಜಾತ್ರೆಗೆ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಗಡಿಯಾಚೆ ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಜನ ಬರ್ತಾರೆ. ಪಲ್ಲಕ್ಕಿ, ತೇರು, ಅಗ್ನಿ ಎಲ್ಲಾ ಇರ್ತದ. ಕಾಲವೂ ಹಾಗೇ ಇದೆ ನೋಡ್ರಿ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಊಟ ಮಾಡಿ ಬಂದಾಗಿದೆ, ತೊಗರಿ ರಾಶಿ ಮುಗಿಯುತ್ತಾ ಬಂದಿದೆ, ಜೋಳ ಇನ್ನೂ ಹೊಲದಲ್ಲಿ ನಿಂತಿದೆ. ಬೀದರ್ ಜಿಲ್ಲೆ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಬೆಳಗಿನ ಜಾವದ ಚಳಿಗೆ ಕೌದಿ ಬಿಟ್ಟು ಏಳೋದು ಕಷ್ಟ. ಅಂಥ ಹೊತ್ತಲ್ಲಿ ಸಂಬಾಳದ ಸದ್ದು ಕೇಳಿ ಜನ ಬೀದಿಗೆ ಬಂದು ನಿಲ್ತಾರೆ.

ಈಗ ಪಾಠಕ್ಕೆ ಬರೋಣ. ಪುರವಂತಿಕೆಯ ಜೀವ ಇರೋದು ಕತ್ತಿಯಲ್ಲೂ ಅಲ್ಲ, ಗೆಜ್ಜೆಯಲ್ಲೂ ಅಲ್ಲ. ಒಡಪಿನಲ್ಲಿ.

ಒಡಪು ಅಂದ್ರೆ ನಿಮಗೆ ಇನ್ನೊಂದು ನೆನಪಾಗಬಹುದು. ಮದುವೆಯಲ್ಲಿ ಹೊಸ ಸೊಸೆಯನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳು ಅಂತಾರಲ್ಲ, ಆಗ ಅವಳು ಪ್ರಾಸ ಹಾಕಿ ಹೇಳುವುದೂ ಒಡಪೇ. ಪುರವಂತರ ಒಡಪು ಅದಕ್ಕಿಂತ ಬಹಳ ದೊಡ್ಡದು, ಆದರೆ ಹೋಲಿಕೆ ಸುಳ್ಳಲ್ಲ. ಎರಡೂ ಕಡೆ ನಾಲಿಗೆ ತಡವರಿಸಬಾರದು, ಎದುರಿಗೆ ಕೇಳುವ ಜನ ಇರಬೇಕು, ಮಾತು ಲಯದ ಮೇಲೆ ಓಡಬೇಕು.

ಅದು ನಡೆಯುವ ರೀತಿ ಹೀಗೆ. ಸಂಬಾಳ, ಹಲಗೆ, ಕರಡಿ ಮಜಲು, ಶಹನಾಯಿ ಒಂದೇ ಸಮ ಬಾರಿಸ್ತಿರುತ್ತವೆ. ಪುರವಂತ ಕುಣಿಯುತ್ತಾ ಕುಣಿಯುತ್ತಾ ಒಮ್ಮೆ ಕತ್ತಿ ಎತ್ತುತ್ತಾನೆ. ವಾದ್ಯ ಫಕ್ಕನೆ ನಿಲ್ಲುತ್ತದೆ. ಅಷ್ಟು ಸದ್ದಿನ ನಂತರ ಬಂದ ಆ ಖಾಲಿ ಜಾಗದಲ್ಲಿ ಅವನ ದನಿ ಏಳುತ್ತದೆ. ದಕ್ಷ ಯಜ್ಞ ಮಾಡಿದ್ದು, ಮಗಳನ್ನೂ ಅಳಿಯನನ್ನೂ ಕರೆಯದೇ ಇದ್ದದ್ದು, ಕರೆಯದಿದ್ದರೂ ದಾಕ್ಷಾಯಣಿ ತವರಿಗೆ ಹೋದದ್ದು, ಅಲ್ಲಿ ಆದ ಅವಮಾನ, ಅವಳು ಬೆಂಕಿಗೆ ಬಿದ್ದದ್ದು, ಸುದ್ದಿ ಕೇಳಿ ಶಿವನ ಸಿಟ್ಟಿನಿಂದ ವೀರಭದ್ರ ಹುಟ್ಟಿದ್ದು, ಅವನ ಕಣ್ಣು ಹೇಗಿತ್ತು, ಹಲ್ಲು ಹೇಗಿತ್ತು, ಹೆಜ್ಜೆ ಇಟ್ಟರೆ ಭೂಮಿ ಏನಾಯಿತು. ಪದದ ಮೇಲೆ ಪದ ಪೇರಿಸುತ್ತಾ, ಉಸಿರು ತೆಗೆದುಕೊಳ್ಳದೆ, ಗದ್ಯವೂ ಅಲ್ಲದ ಪದ್ಯವೂ ಅಲ್ಲದ ಒಂದು ಓಟದಲ್ಲಿ ಹೇಳ್ತಾ ಹೋಗ್ತಾನೆ. ನಡುನಡುವೆ ಸಂಗಡಿಗರು ರುದ್ರನ ಹೆಸರು ಹಿಡಿದು ಕೂಗಿ ದನಿಗೂಡಿಸ್ತಾರೆ. ಒಂದು ತುಣುಕು ಮುಗಿಯುವ ಹೊತ್ತಿಗೆ ಕೊನೆಯ ಪದಕ್ಕೆ ಸರಿಯಾಗಿ ಸಂಬಾಳದ ಪೆಟ್ಟು ಬೀಳಬೇಕು. ಅರ್ಧ ಸೆಕೆಂಡು ಆಚೀಚೆ ಆದರೂ ಕೇಳುವವರಿಗೆ ಗೊತ್ತಾಗಿಬಿಡ್ತದ.

ಕಥೆ ಎಲ್ಲರಿಗೂ ಗೊತ್ತು. ರಾಘವಾಂಕ 13ನೇ ಶತಮಾನದಲ್ಲೇ ಇದನ್ನು ‘ವೀರೇಶ ಚರಿತೆ’ಯಾಗಿ ಬರೆದಿದ್ದಾನೆ. ಅದಕ್ಕೆ ಅವನು ಆರಿಸಿಕೊಂಡದ್ದು ಉದ್ದಂಡ ಷಟ್ಪದಿ. ಅಂದಮೇಲೆ ಈ ಕಥೆಯನ್ನು ಸುಮ್ಮನೆ ಹೇಳಲಾಗದು, ನುಗ್ಗುವ ಲಯದಲ್ಲಿಯೇ ಹೇಳಬೇಕು ಎಂಬುದು ಓದಿದ ಕವಿಗೂ ಹೊಳೆದಿತ್ತು, ಓದದ ಪುರವಂತನಿಗೂ ಹೊಳೆದಿದೆ. ಯಾರು ಯಾರಿಂದ ಕಲಿತರು ಅಂತ ಗೆರೆ ಎಳೆಯಲು ನಾನು ಹೋಗೋದಿಲ್ಲ. ಇಷ್ಟಂತೂ ನಿಜ, ಜಾತ್ರೆಯಲ್ಲಿ ನಿಂತು ಒಡಪು ಕೇಳಿದವನಿಗೆ ಷಟ್ಪದಿ ತರಗತಿಯಲ್ಲಿ ಅಷ್ಟು ಭಯ ಹುಟ್ಟಿಸೋದಿಲ್ಲ.

ಒಡಪು ಜಾತ್ರೆಗಷ್ಟೇ ಸೀಮಿತ ಅಲ್ಲ. ವೀರಭದ್ರ ಮನೆದೇವರಾಗಿರುವ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗಳ ತೆಗೀತಾರೆ. ಮಣ್ಣಿನ ಗಡಿಗೆಯಲ್ಲಿ ಬೆಂಕಿ ಹಾಕಿ, ಗುಗ್ಗುಳದ ಹೊಗೆ ಎಬ್ಬಿಸಿ, ಮೆರವಣಿಗೆಯಲ್ಲಿ ಒಯ್ಯುವುದು. ಮುಂದೆ ಪುರವಂತರು. ಓಣಿಯ ತಿರುವಿನಲ್ಲಿ, ಗುಡಿಯ ಮುಂದೆ ನಿಂತು ನಿಂತು ಒಡಪು. ಇಲ್ಲಿ ಶಸ್ತ್ರ ಹಾಕಿಕೊಳ್ಳುವುದೂ ಉಂಟು, ಅಂದ್ರೆ ಕೆನ್ನೆಗೆ, ನಾಲಿಗೆಗೆ ಲೋಹದ ಸೂಜಿ ಚುಚ್ಚಿಕೊಳ್ಳುವುದು. ಆಮೇಲೆ ವಿಭೂತಿ ಹಚ್ಚಿ ಮುಂದೆ ನಡೀತಾರೆ. ಚಿಕ್ಕ ಮಕ್ಕಳು ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುವ ಹೊತ್ತು ಅದು.

ಇಂಜಿನಿಯರಿಂಗ್ ಹುಡುಗರು ಕೂತಲ್ಲಿ ಈ ವಿಷಯ ಬಂದರೆ ಚರ್ಚೆ ತಕ್ಷಣ ಅಗ್ನಿಯ ಕಡೆ ಹೋಗ್ತದ. ಕೆಂಡದ ಮೇಲೆ ನಡೆದರೆ ಕಾಲು ಯಾಕೆ ಸುಡೋದಿಲ್ಲ? ಅದನ್ನೂ ಮುಗಿಸಿಬಿಡೋಣ. ಎರಡು ವಸ್ತುಗಳು ಮುಟ್ಟಿದಾಗ ಮುಟ್ಟಿದ ಜಾಗದ ಉಷ್ಣಾಂಶ ಎರಡರ ಸರಾಸರಿ ಆಗುವುದಿಲ್ಲ. ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಯಾವುದಕ್ಕೆ ದೊಡ್ಡದೋ ಉಷ್ಣಾಂಶ ಅದರ ಕಡೆ ವಾಲುತ್ತದೆ. ಒರಟು ಲೆಕ್ಕದಲ್ಲಿ ಇದ್ದಿಲ ಕೆಂಡಕ್ಕೆ ಅದು 140ರ ಆಸುಪಾಸು, ನಮ್ಮ ಚರ್ಮಕ್ಕೆ 1,200ರ ಆಸುಪಾಸು, ಕಬ್ಬಿಣಕ್ಕೆ 16,000ಕ್ಕೂ ಮೇಲೆ. ಕೆಂಡ 550 ಡಿಗ್ರಿ ಇದ್ದರೂ ಪಾದದ ಅಡಿ ಮುಟ್ಟುವ ಜಾಗದಲ್ಲಿ 85 ಡಿಗ್ರಿಯಷ್ಟು ಬರುತ್ತದೆ, ಅದೂ ಹೆಜ್ಜೆ ಎತ್ತುವ ತನಕ ಮಾತ್ರ. ಕೆಂಡದ ಮೇಲಿನ ಬೂದಿ ಇನ್ನಷ್ಟು ತಡೆಯುತ್ತದೆ. ಅದೇ 550 ಡಿಗ್ರಿಯ ಕಬ್ಬಿಣದ ಹಂಚಿನ ಮೇಲೆ ಕಾಲಿಟ್ಟರೆ 500 ದಾಟುತ್ತದೆ. ಹಾಗಂತ 85 ಡಿಗ್ರಿಯೇನೂ ತಣ್ಣಗಿಲ್ಲ. ನಡುವೆ ನಿಂತವರು, ಎಡವಿದವರು ಸುಟ್ಟುಕೊಳ್ತಾರೆ. ಹಾಸ್ಟೆಲ್ ಹಿಂದೆ ಪ್ರಯೋಗ ಮಾಡುವ ಯೋಚನೆ ಬೇಡ.

ಲೆಕ್ಕ ಚೆನ್ನಾಗಿದೆ. ಆದರೆ ಗಮನಿಸಿ, ನಮ್ಮೆಲ್ಲರ ಕಣ್ಣೂ ಮೊಬೈಲೂ ಕೆಂಡಕ್ಕೆ ಹೋಗ್ತವೆ, ಕೆನ್ನೆಯ ಸೂಜಿಗೆ ಹೋಗ್ತವೆ. ಯೂಟ್ಯೂಬಿನಲ್ಲಿ ಪುರವಂತಿಕೆ ಅಂತ ಹುಡುಕಿದರೆ ಅವೇ ಹೆಚ್ಚು. ಒಡಪು ಶುರುವಾಯಿತು ಅಂದ್ರೆ ವಿಡಿಯೋ ಮಾಡುವವನು ಕೈ ಇಳಿಸುತ್ತಾನೆ, ಅಥವಾ ಅದರ ಮೇಲೆ ಒಂದು ಸಿನಿಮಾ ಹಾಡು ಹಾಕಿ ಸ್ಟೇಟಸ್ ಇಡುತ್ತಾನೆ.

ಇದು ನಮ್ಮದೊಂದೇ ಸಮಸ್ಯೆಯಾ ಅಂತ ನೋಡಲು ಸ್ವಲ್ಪ ದೂರ ಹೋಗಬೇಕು. ಜಪಾನಿನ ಉತ್ತರದಲ್ಲಿ ಅಕಿತಾ ಪ್ರಾಂತ್ಯ, ಅಲ್ಲಿ ಸಮುದ್ರಕ್ಕೆ ಚಾಚಿಕೊಂಡ ಓಗಾ ಎಂಬ ಭೂಭಾಗ. ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ. ಡಿಸೆಂಬರ್ 31ರ ರಾತ್ರಿ ಅಲ್ಲಿನ ಊರುಗಳಲ್ಲಿ ಯುವಕರು ಭಯಂಕರ ಮುಖವಾಡ ಹಾಕಿ, ಹುಲ್ಲಿನಿಂದ ಹೆಣೆದ ಅಂಗಿ ತೊಟ್ಟು, ಕೈಯಲ್ಲಿ ಮರದ ಚೂರಿ ಹಿಡಿದು ಮನೆಮನೆಗೆ ಬರ್ತಾರೆ. ಇವರು ನಮಹಾಗೆ. ಹಿಂದೆ ಇದು ಹಳೇ ಪಂಚಾಂಗದ ಪ್ರಕಾರ ವರ್ಷದ ಮೊದಲ ಹುಣ್ಣಿಮೆಯ ಸುಮಾರಿಗೆ ನಡೀತಿತ್ತು. ‘ಅಳುವ ಮಕ್ಕಳು ಇದ್ದಾರಾ, ಸೋಮಾರಿಗಳು ಇದ್ದಾರಾ’ ಅಂತ ಗರ್ಜಿಸುತ್ತಾ ಒಳಗೆ ನುಗ್ತಾರೆ. ಹೆಸರಿನ ಅರ್ಥವೇ ತಮಾಷೆಯಾಗಿದೆ. ಚಳಿಗೆ ಕೆಲಸ ಬಿಟ್ಟು ಸದಾ ಒಲೆಯ ಮುಂದೆ ಕೂತವರ ಚರ್ಮದ ಮೇಲೆ ಏಳುವ ಕಲೆಗೆ ಅಲ್ಲಿ ನಮೋಮಿ ಅಂತಾರೆ. ಅದನ್ನು ಕಿತ್ತು ತೆಗೆಯುವವನು ನಮಹಾಗೆ. ಚೂರಿ ಇರೋದು ಅದಕ್ಕೇ! ನಮ್ಮ ಮನೆಗಳಲ್ಲಿ ಜನವರಿಯ ಬೆಳಿಗ್ಗೆ ಒಲಿ ಮುಂದಿನಿಂದ ಏಳದವರನ್ನು ಅಜ್ಜಿ ಬೈಯುವ ಮಾತು ನೆನೆಸಿಕೊಳ್ಳಿ.

ದೂರದಿಂದ ನೋಡಿದರೆ ಇದು ಮಕ್ಕಳನ್ನು ಹೆದರಿಸುವ ಆಟ. ಹತ್ತಿರ ಹೋದರೆ ನಿಯಮಗಳು ಕಾಣಿಸ್ತವೆ. ನಮಹಾಗೆ ಸುಮ್ಮನೆ ನುಗ್ಗುವುದಿಲ್ಲ. ಮುಂದೆ ಒಬ್ಬ ಬಂದು ಒಳಗೆ ಬರಬಹುದಾ ಅಂತ ಕೇಳ್ತಾನೆ. ಆ ವರ್ಷ ಸಾವು ಅಥವಾ ಹೆರಿಗೆ ಆದ ಮನೆಗೆ ಕಾಲಿಡುವುದಿಲ್ಲ. ಶಿನ್ಜಾನ್ ಎಂಬ ಊರಿನ ಪದ್ಧತಿಯಲ್ಲಿ ಒಳಬಂದಾಗ ಏಳು ಸಲ ನೆಲ ಒದೆಯಬೇಕು, ಊಟದ ಮಣೆ ಮುಂದೆ ಕೂರುವ ಮೊದಲು ಐದು ಸಲ, ಎದ್ದ ಮೇಲೆ ಮೂರು ಸಲ. ಅಂಗಿಯಿಂದ ಉದುರಿದ ಹುಲ್ಲನ್ನು ಅವತ್ತು ಗುಡಿಸುವಂತಿಲ್ಲ, ಅದು ಒಳ್ಳೆಯದಕ್ಕೆ ಬಿದ್ದದ್ದು.

ಅದಕ್ಕಿಂತ ಮುಖ್ಯವಾದದ್ದು ನಡುವೆ ಇದೆ. ಮನೆಯ ಯಜಮಾನ ನಮಹಾಗೆಗೆ ಮದ್ಯ, ತಿನಿಸು ಇಟ್ಟು ಕೂರಿಸುತ್ತಾನೆ. ಆಮೇಲೆ ಮಾತು ಶುರು. ನಿನ್ನ ಮಗ ಓದುತ್ತಾನಾ, ಸೊಸೆ ಬೇಗ ಏಳುತ್ತಾಳಾ, ಮುದುಕರನ್ನು ನೋಡಿಕೊಳ್ತೀರಾ? ಯಜಮಾನ ಮನೆಯವರ ಪರ ವಹಿಸಿ ಉತ್ತರ ಕೊಡಬೇಕು, ಚೌಕಾಸಿ ಮಾಡಬೇಕು, ಒಳ್ಳೆಯವರಾಗಿರ್ತಾರೆ ಅಂತ ಮಾತು ಕೊಡಬೇಕು. ಬರುವ ವರ್ಷದ ಬೆಳೆ, ಮೀನು, ಆರೋಗ್ಯ ಎಲ್ಲದಕ್ಕೂ ನಮಹಾಗೆ ಹರಸಿ ಎದ್ದು ಹೋಗುತ್ತಾನೆ. ಬಾಗಿಲಿಗೆ ಬಂದದ್ದು ದೇವರು, ಒಳಗೆ ನಡೆದದ್ದು ಸಂವಾದ. ಮುಖವಾಡದ ಹಿಂದಿನ ಹುಡುಗನಿಗೆ ಆ ಊರ ಆಡುಮಾತು, ಆ ಮನೆಯ ಸುದ್ದಿ ಎರಡೂ ಗೊತ್ತಿರಬೇಕು.

ಅವರ ಐತಿಹ್ಯವೂ ಚೌಕಾಸಿಯದೇ. ಚೀನಾದ ಚಕ್ರವರ್ತಿಯೊಬ್ಬ ಕರೆತಂದ ಐದು ರಕ್ಕಸರು ಊರಿಗೆ ಕಾಟ ಕೊಡ್ತಿದ್ದರಂತೆ. ಒಂದೇ ರಾತ್ರಿಯಲ್ಲಿ ಬೆಟ್ಟದ ಗುಡಿಗೆ 1,000 ಕಲ್ಲಿನ ಮೆಟ್ಟಿಲು ಕಟ್ಟಿದರೆ ಹೆಣ್ಣುಮಕ್ಕಳನ್ನು ಕೊಡ್ತೀವಿ, ಆಗದಿದ್ದರೆ ಮತ್ತೆ ಬರಬಾರದು ಅಂತ ಜನ ಒಪ್ಪಂದ ಮಾಡಿಕೊಂಡರು. 999 ಮುಗಿದಾಗ ಊರವನೊಬ್ಬ ಕೋಳಿಯಂತೆ ಕೂಗಿದ. ಬೆಳಗಾಯಿತೆಂದು ರಕ್ಕಸರು ಓಡಿದರು. ನಮ್ಮ ಕಡೆಯೂ ಅರ್ಧಕ್ಕೆ ನಿಂತ ಗುಡಿ, ಕೆರೆಗಳ ಬಗ್ಗೆ ಇಂಥ ಕೋಳಿಯ ಕಥೆ ಹೇಳುವವರು ಸಿಗ್ತಾರೆ.

ಓಗಾದ ನಮಹಾಗೆಯನ್ನು ಜಪಾನ್ ಸರ್ಕಾರ 1978ರಲ್ಲಿ ರಾಷ್ಟ್ರೀಯ ಮಹತ್ವದ ಜನಪದ ಆಚರಣೆಯಾಗಿ ಗುರುತಿಸಿತು. 2018ರಲ್ಲಿ ಇಂಥದ್ದೇ ಇತರ ಮುಖವಾಡದ ದೇವರುಗಳ ಜೊತೆ, ಒಟ್ಟು ಹತ್ತು ಆಚರಣೆಗಳು ಯುನೆಸ್ಕೋ ಪಟ್ಟಿ ಸೇರಿದವು. ನೂರಕ್ಕೂ ಹೆಚ್ಚು ಮುಖವಾಡಗಳಿರುವ ವಸ್ತುಸಂಗ್ರಹಾಲಯ ಇದೆ. ಫೆಬ್ರವರಿಯಲ್ಲಿ ಪ್ರವಾಸಿಗರಿಗಾಗಿ, 1964ರಲ್ಲಿ ಶುರುವಾದ ಬೇರೆ ಉತ್ಸವವೇ ಇದೆ. ದೊಡ್ಡ ಬೆಂಕಿ, ಡೋಲು, ಪಂಜು ಹಿಡಿದು ಬೆಟ್ಟದಿಂದ ಇಳಿಯುವ ನಮಹಾಗೆಗಳು. ಇಷ್ಟೆಲ್ಲ ಇದ್ದರೂ ಅವರ ಚಿಂತೆ ಡಿಸೆಂಬರ್ 31ರದ್ದು. ಊರಿನಲ್ಲಿ ಹುಡುಗರೇ ಇಲ್ಲ. ಮದುವೆಯಾಗದ ಯುವಕರೇ ಮುಖವಾಡ ಹಾಕಬೇಕು ಅನ್ನುವ ಕಟ್ಟು ಎಷ್ಟೋ ಕಡೆ ಸಡಿಲವಾಗಿದೆ. ಒಳಗೆ ಕರೆದು ಕೂರಿಸಿ ಉತ್ತರ ಕೊಡುವ ಮನೆಗಳೂ ಕಡಿಮೆ. ವೇಷ ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಮಾತನ್ನು ಇಡಲು ಅಂಥ ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ.

ಈಗ ವಾಪಸ್ ನಮ್ಮ ಊರಿಗೆ. ಹುಮನಾಬಾದಿನಿಂದ ಹೈದರಾಬಾದ್–ಸೋಲಾಪುರ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಸ್ತಾಪುರ ಬಂಗ್ಲಾ, ಅಲ್ಲಿಂದ ಒಳಗೆ ಬಸವಕಲ್ಯಾಣ. ಅಲ್ಲಿಯ ಗೆಳೆಯರು ಪುರವಂತಿಕೆಯ ಮಾತು ಬಂದಾಗ ಒಂದು ಪ್ರಶ್ನೆ ಎತ್ತುತ್ತಾರೆ: ಶರಣರು ಸ್ಥಾವರವನ್ನು ಬೇಡ ಅಂದ ನೆಲದಲ್ಲಿ ತೇರು, ಅಗ್ನಿ, ವೇಷ ಯಾಕ್ರಿ? ಪ್ರಶ್ನೆ ನ್ಯಾಯವಾದದ್ದು. ಅದನ್ನು ಇಲ್ಲಿ ಬಗೆಹರಿಸೋದಕ್ಕೆ ಆಗಲ್ಲ. ಆದರೆ ವೇಷದ ಬಗ್ಗೆ ಮಾತ್ರ ಕಲ್ಯಾಣದಿಂದಲೇ ಕಲಿಯುವುದು ಬಹಳ ಇದೆ.

12ನೇ ಶತಮಾನದ ಶರಣರ ಗುಂಪಿನಲ್ಲಿ ವೇಷ ಕಟ್ಟಿ, ವಾದ್ಯ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದವರು ಒಬ್ಬಿಬ್ಬರಲ್ಲ. ಬಹುರೂಪಿ ಚೌಡಯ್ಯನ ಕಾಯಕವೇ ಬಗೆಬಗೆಯ ವೇಷ ಹಾಕಿ ಜನರ ಮುಂದೆ ಆಡುವುದು. ‘ರೇಕಣ್ಣಪ್ರಿಯ ನಾಗಿನಾಥ’ ಅವನ ಅಂಕಿತ. ಕಲಕೇತಯ್ಯ ಕಲಕೇತ ವೇಷದವನು. ಢಕ್ಕೆಯ ಬೊಮ್ಮಣ್ಣ ಮಾರಿಯನ್ನು ಹೊತ್ತು ಢಕ್ಕೆ ಬಾರಿಸುತ್ತಾ ತಿರುಗುತ್ತಿದ್ದವನು. ಇವರ್ಯಾರೂ ಶರಣರಾದ ಮೇಲೆ ‘ಇನ್ನು ವೇಷ ಬಿಟ್ಟೆ’ ಅಂದವರಾಗಿ ನೆನಪಿನಲ್ಲಿ ಉಳಿದಿಲ್ಲ. ಹೆಸರಿನ ಹಿಂದೆಯೇ ಕಸುಬು ಉಳಿದಿದೆ. ಬಹುರೂಪ, ಕಲಕೇತ, ಢಕ್ಕೆ ಅವರ ವಚನದ ಒಳಗೂ ಬರುತ್ತವೆ, ಅನುಭಾವದ ಮಾತಾಗಿ ತಿರುಗುತ್ತವೆ. ಅದೇ ಹೊತ್ತಿಗೆ ಒಳಗೆ ಏನೂ ಇಲ್ಲದೆ ಹೊರಗೆ ಮಾತ್ರ ಕಟ್ಟಿಕೊಂಡವನನ್ನು ವಚನಕಾರರು ಬೈದಷ್ಟು ಇನ್ಯಾರೂ ಬೈದಿಲ್ಲ. ವೇಷಧಾರಿ ಅನ್ನುವುದು ಇವತ್ತಿಗೂ ಬೈಗುಳವೇ. ಹಾಗಾದರೆ ವೇಷದ ಜೊತೆ ಏನಿದ್ದರೆ ಅದು ಕಾಯಕವಾಗುತ್ತದೆ? ಚೌಡಯ್ಯ ನಮಗೆ ಗೊತ್ತಾಗಿರೋದು ಅವನ ಬಟ್ಟೆಯಿಂದಲ್ಲ. ಅವನು ಏನು ತೊಡುತ್ತಿದ್ದ ಅನ್ನೋದರ ಒಂದು ಚಿತ್ರವೂ ನಮ್ಮ ಹತ್ತಿರ ಇಲ್ಲ. ಉಳಿದಿರೋದು ಮಾತು, ಅದೂ ಯಾರೋ ತಾಳೆಗರಿಯಲ್ಲಿ ಬರೆದಿಟ್ಟರು ಅಂತ.

ಓಗಾದಲ್ಲಿ ಮುಖವಾಡ ಇದೆ, ಮಾತು ಜಾರುತ್ತಿದೆ. ಕಲ್ಯಾಣದಲ್ಲಿ ವೇಷ ಹೋಯಿತು, ಮಾತು ಉಳಿಯಿತು. ಹುಮನಾಬಾದಿನಲ್ಲಿ ಇವತ್ತಿಗೆ ಎರಡೂ ಇವೆ. ಈ ಲೇಖನ ಬರೆಯಲು ಕೂತದ್ದು ಅದಕ್ಕಾಗಿಯೇ.

ಬೀದರ್ ಜಿಲ್ಲೆಯವರಿಗೆ ಇದು ಬರೀ ಜನಪದ ಕಲೆಯ ಪ್ರಶ್ನೆ ಅಲ್ಲ. ನಾವು 1948ರ ತನಕ ನಿಜಾಮರ ರಾಜ್ಯದಲ್ಲಿದ್ದೆವು, ಓದು ಬರಹ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಕಡೆ ಮನೆಮನೆಗೂ ಗೊತ್ತು. 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿದೆವು. ಅಷ್ಟು ವರ್ಷ ಶಾಲೆಯಲ್ಲಿ ಕನ್ನಡ ಸಿಗದ ಜನರಿಗೆ ತುಂಬಿದ, ಗಟ್ಟಿಯಾದ, ಗಂಟೆಗಟ್ಟಲೆ ನಿಂತು ಕೇಳುವಂಥ ಕನ್ನಡ ಎಲ್ಲಿ ಸಿಗ್ತಿತ್ತು? ಭಜನೆಯಲ್ಲಿ, ಪುರಾಣದಲ್ಲಿ, ಇಂಥ ಒಡಪಿನಲ್ಲಿ ಅಂತ ನನ್ನ ತಿಳುವಳಿಕೆ. ಇವತ್ತೂ ನಮ್ಮ ಮಾತು ನಾಲ್ಕು ಭಾಷೆಗಳ ಭಜ್ಜಿ. ಸಂತೆಯಲ್ಲಿ ದಖನಿ, ಸೋದರಮಾವನ ಮನೆಯಲ್ಲಿ ಮರಾಠಿ, ಹೈದರಾಬಾದ್ ಬಸ್ಸಿನಲ್ಲಿ ತೆಲುಗು. ಅದರ ಬಗ್ಗೆ ದೂರೇನಿಲ್ಲ, ಅದು ನಮ್ಮ ಶ್ರೀಮಂತಿಕೆ. ಆದರೆ ಅದೇ ಮನುಷ್ಯ ವೇಷ ಕಟ್ಟಿ ಕತ್ತಿ ಎತ್ತಿದಾಗ ಬೇರೊಂದು ಕನ್ನಡ ಬರ್ತದ, ಉದ್ದುದ್ದ ಸಮಾಸಗಳ, ಹಳೆಯ ಪದಗಳ ಕನ್ನಡ. ಅದನ್ನು ಅವನು ಪುಸ್ತಕದಿಂದ ಕಲಿತಿಲ್ಲ. ಅಪ್ಪನಿಂದಲೋ ಗುರುವಿನಿಂದಲೋ ಬಾಯಿಂದ ಬಾಯಿಗೆ ಬಂದದ್ದು.

ಸ್ಪರ್ಧೆಗಳಲ್ಲಿ ಜನಪದ ನೃತ್ಯಕ್ಕೆ ಕೊಡುವ ಸಮಯ ಕೆಲವೇ ನಿಮಿಷ. ಅಷ್ಟರಲ್ಲಿ ಎಂಟು ಜನ ಸಾಲಾಗಿ ಬಂದು, ತಿರುಗಿ, ಪಿರಮಿಡ್ ಕಟ್ಟಿ ಹೋಗಬೇಕು. ಮೊದಲು ಕತ್ತರಿ ಬೀಳೋದು ಒಡಪಿಗೆ. ಸಂಬಾಳದವರ ಬದಲು ಪೆನ್‌ಡ್ರೈವ್. ಪೆನ್‌ಡ್ರೈವ್ ಕತ್ತಿ ನೋಡಿ ನಿಲ್ಲೋದಿಲ್ಲ, ಹೀಗಾಗಿ ಮಾತಿಗೆ ಜಾಗವೇ ಇಲ್ಲ. ನೋಡಲು ಚೆನ್ನಾಗಿರ್ತದ, ಬಹುಮಾನವೂ ಬರ್ತದ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ವೀರಭದ್ರ ವೇಷದ ಕವಾಯತು ಅಂತ ಹೆಸರಿಟ್ಟರೆ ಸರಿ. ಎಂಟು ಜನರಲ್ಲಿ ಒಬ್ಬನಾದರೂ ಒಂದೂವರೆ ನಿಮಿಷದ ಒಡಪು ಕಲಿತು, ಇಬ್ಬರು ನಿಜವಾದ ವಾದ್ಯದವರು ಜೊತೆಗಿದ್ದರೆ, ಪಿರಮಿಡ್ ಇಲ್ಲದಿದ್ದರೂ ಸಭೆ ಎದ್ದು ಕೂರುತ್ತದೆ.

ಅದಕ್ಕೆ ಮೊದಲು ಕೇಳಬೇಕು, ಬರೆದುಕೊಳ್ಳಬೇಕು. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಹುಮನಾಬಾದ್ ಎರಡೂ ಕಡೆಯವರಿಗೆ ಹತ್ತಿರ. ಜಾತ್ರೆಯ ನೂಕುನುಗ್ಗಲಿನಲ್ಲಿ ರೆಕಾರ್ಡ್ ಮಾಡಿದರೆ ಸಂಬಾಳದ ಸದ್ದಿಗೆ ಪದ ಒಡೆದುಹೋಗುತ್ತದೆ. ಅಲ್ಲಿ ಪರಿಚಯ ಮಾಡಿಕೊಂಡು, ಜಾತ್ರೆ ಕಳೆದ ಮೇಲೆ ಒಂದು ದಿನ ಅವರ ಊರಿಗೇ ಹೋಗುವುದು ಒಳ್ಳೆಯದು. ಫೋನು ತೆಗೆಯುವ ಮುಂಚೆ ಕೇಳಿ. ಕೆಲವು ಒಡಪು ವೇಷ ಇಲ್ಲದೆ ಹೇಳಲ್ಲ ಅನ್ನಬಹುದು, ಒತ್ತಾಯ ಬೇಡ. ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆಯೇ ಯೂನಿಕೋಡಿನಲ್ಲಿ ಬರೆಯಿರಿ, ‘ತಪ್ಪು’ ತಿದ್ದಬೇಡಿ. ನಿಘಂಟಿನಲ್ಲಿ ಇಲ್ಲದ ಪದ ಸಿಕ್ಕರೆ ಅದೇ ನಿಮ್ಮ ಗಳಿಕೆ. ಒಂದೇ ತುಣುಕನ್ನು ಎರಡು ಊರಿನ ಪುರವಂತರಿಂದ ಕೇಳಿ, ಎಲ್ಲಿ ಬೇರೆಯಾಗುತ್ತದೆ ನೋಡಿ. ಯಾರಿಂದ ಕಲಿತಿರಿ, ಎಷ್ಟು ವರ್ಷಕ್ಕೆ ಬಾಯಿಗೆ ಬಂತು, ಈಗ ಯಾರಿಗಾದರೂ ಕಲಿಸ್ತಿದ್ದೀರಾ ಅಂತಲೂ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ತಡವಾದೀತು, ಕಾಯಿರಿ. ಹೋಗುವಾಗ ಕೈ ಬೀಸಿಕೊಂಡು ಹೋಗಬೇಡಿ, ಒಂದು ಕಾಯಿ, ಕೈಲಾದಷ್ಟು ಕಾಣಿಕೆ ಒಯ್ಯಿರಿ. ಹೊಸ್ತಿಲ ಹೊರಗೇ ನಿಂತು ‘ಶರಣ್ರೀ ಮುತ್ಯಾ’ ಅಂದರೆ ಸಾಕು, ಒಳಗಿನಿಂದ ‘ಬರ್ರೀ, ಕೂಡ್ರಿ’ ಅಂತ ದನಿ ಬರುತ್ತದೆ.